30 ದಿನದ ಗಡುವು, 33ನೇ ದಿನದ ಅಪೀಲು



ಕೋರ್ಟಿನ ಚರಿತ್ರೆ ಅಂದರೆ ನಾವು ಸಾಮಾನ್ಯವಾಗಿ ವಾದ, ಸಾಕ್ಷಿ, ತೀರ್ಪು ಇವುಗಳ ಬಗ್ಗೆ ಮಾತಾಡುತ್ತೇವೆ. ಇವತ್ತಿನ ಕಂತಿನಲ್ಲಿ ಅವೆಲ್ಲ ಹಿನ್ನೆಲೆಗೆ ಸರಿಯುತ್ತವೆ. ಮುಂದೆ ನಿಲ್ಲುವುದು ಕ್ಯಾಲೆಂಡರ್. ಒಂದು ಅಪೀಲಿನ ಕಾಗದ ಯಾವ ದಿನ ಕೋರ್ಟಿನ ಕಚೇರಿಗೆ ಸೇರಿತು ಅನ್ನೋದು.

1986ನೇ ಇಸವಿ ಸೆಪ್ಟೆಂಬರ್ 4. ಅಮೆರಿಕದ ವರ್ಜೀನಿಯಾ ರಾಜ್ಯದ ಬ್ಯುಕ್ಯಾನನ್ ಕೌಂಟಿಯಲ್ಲಿ ಸರ್ಕ್ಯೂಟ್ ಕೋರ್ಟು, ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಯ ಅರ್ಜಿಯನ್ನು ವಜಾ ಮಾಡಿತು. ಅದರ ವಿರುದ್ಧ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗಬೇಕಾದರೆ 30 ದಿನದೊಳಗೆ ಒಂದು ನೋಟಿಸು ಕೊಡಬೇಕು. ಗಮನಿಸಿ, ಈ ನೋಟಿಸಿನಲ್ಲಿ ವಾದ ಇರಬೇಕಾಗಿಲ್ಲ. 'ನಾವು ಅಪೀಲು ಹೋಗುತ್ತೇವೆ' ಅಂತ ತಿಳಿಸುವ ಪತ್ರ ಅದು, ಅಷ್ಟೇ. ಲೆಕ್ಕ ಹಾಕಿದರೆ 30ನೇ ದಿನ ಅಕ್ಟೋಬರ್ 4, ಶನಿವಾರ. ನೋಟಿಸು ಕೋರ್ಟಿಗೆ ಬಂದದ್ದು ಅಕ್ಟೋಬರ್ 7, ಮಂಗಳವಾರ. ಅಂದರೆ 33ನೇ ದಿನ.

ಕೈದಿಯ ಹೆಸರು ರೋಜರ್ ಕೀತ್ ಕೋಲ್ಮನ್. ಗ್ರಂಡಿ ಅನ್ನುವ ಊರಿನವನು. ಅಪಲೇಚಿಯನ್ ಬೆಟ್ಟಗಳ ನಡುವಿನ ಕಲ್ಲಿದ್ದಲು ಗಣಿಗಳ ಸಣ್ಣ ಊರು ಅದು, ಇವನೂ ಗಣಿ ಕಾರ್ಮಿಕನೇ. 1981ರ ಮಾರ್ಚ್ 10ರ ರಾತ್ರಿ ಅವನ ಹೆಂಡತಿಯ ಸೋದರಿ, 19 ವರ್ಷದ ಹುಡುಗಿ, ತನ್ನ ಮನೆಯಲ್ಲೇ ಅತ್ಯಾಚಾರಕ್ಕೊಳಗಾಗಿ ಕೊಲೆಯಾದಳು. ಕೋಲ್ಮನ್ ಮೇಲೆ ಅನುಮಾನ ಬರೋದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಿಂದೆ ಅತ್ಯಾಚಾರ ಯತ್ನದ ಪ್ರಕರಣದಲ್ಲಿ ಜೈಲು ಕಂಡು ಬಂದವನು ಅವನು. 1982ರಲ್ಲಿ ಜ್ಯೂರಿ ಅವನನ್ನು ಅಪರಾಧಿ ಅಂತ ತೀರ್ಮಾನಿಸಿತು, ಮರಣದಂಡನೆ ಆಯಿತು. ತಾನು ಮಾಡಿಲ್ಲ ಅಂತ ಅವನು ಮೊದಲ ದಿನದಿಂದ ಕೊನೆಯ ದಿನದವರೆಗೂ ಹೇಳುತ್ತಲೇ ಇದ್ದ.

ಇಲ್ಲಿ ಅಮೆರಿಕದ ವ್ಯವಸ್ಥೆ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಗೋಜಲಾಗುತ್ತದೆ. ಅಲ್ಲಿ ರಾಜ್ಯದ ಕೋರ್ಟುಗಳು ಬೇರೆ, ಕೇಂದ್ರದ ಅಂದರೆ ಫೆಡರಲ್ ಕೋರ್ಟುಗಳು ಬೇರೆ. ರಾಜ್ಯದ ಕೋರ್ಟಿನಲ್ಲಿ ಶಿಕ್ಷೆಯಾದವನಿಗೆ ಮೊದಲು ನೇರ ಅಪೀಲು ಇದೆ. ಕೋಲ್ಮನ್ ಅದನ್ನು ಮಾಡಿ ಸೋತಿದ್ದ. ಅದಾದ ಮೇಲೆ ಹೇಬಿಯಸ್ ಕಾರ್ಪಸ್ ಅರ್ಜಿ. ನಮ್ಮಲ್ಲಿ ಈ ಹೆಸರು ಕೇಳಿದರೆ ಕಾಣೆಯಾದವರನ್ನು, ಅಕ್ರಮವಾಗಿ ಕೂಡಿಟ್ಟವರನ್ನು ಹುಡುಕಿಸುವುದು ನೆನಪಿಗೆ ಬರುತ್ತದೆ. ಅಲ್ಲಿ ಅದು ಶಿಕ್ಷೆಯಾದ ಮೇಲೂ 'ನನ್ನ ವಿಚಾರಣೆಯೇ ಸಂವಿಧಾನಬದ್ಧವಾಗಿ ನಡೆದಿಲ್ಲ' ಅಂತ ಹೇಳೋ ದಾರಿ. ಮೊದಲು ರಾಜ್ಯದ ಕೋರ್ಟಿನಲ್ಲಿ ಹೇಳಬೇಕು, ಅಲ್ಲಿ ಪೂರ್ತಿ ಮುಗಿಸಿ ಆಮೇಲೆ ಫೆಡರಲ್ ಕೋರ್ಟಿಗೆ. ನಡುವೆ ಒಂದು ಮೆಟ್ಟಿಲು ತಪ್ಪಿದರೆ?

ಈ ಪ್ರಶ್ನೆ ಕೋಲ್ಮನ್‌ಗಿಂತ ಬಹಳ ಹಿಂದೆಯೇ ಕೋರ್ಟಿನ ಮುಂದೆ ಬಂದಿತ್ತು, ಆಗ ಸಿಕ್ಕ ಉತ್ತರ ಬೇರೆ ಇತ್ತು. ಅದಕ್ಕೇ ನಾನು ಇಲ್ಲಿ ವರ್ಜೀನಿಯಾದ ಕಥೆ ನಿಲ್ಲಿಸಿ, 1942ರ ನ್ಯೂಯಾರ್ಕಿಗೆ ಹೋಗುತ್ತೇನೆ.

ಬ್ರೂಕ್ಲಿನ್‌ನಲ್ಲಿ ಒಂದು ದರೋಡೆ, ಅದರಲ್ಲಿ ಒಂದು ಕೊಲೆ. ಮೂವರಿಗೆ ಶಿಕ್ಷೆ: ಕಮಿನಿಟೊ, ಬೊನಿನೊ, ಚಾರ್ಲ್ಸ್ ನೋಯಾ. ಮೂವರ ವಿರುದ್ಧವೂ ಇದ್ದ ಮುಖ್ಯ ಸಾಕ್ಷಿ ಪೊಲೀಸರ ವಶದಲ್ಲಿದ್ದಾಗ ಅವರವರೇ ಸಹಿ ಮಾಡಿದ ತಪ್ಪೊಪ್ಪಿಗೆ. ಮೂವರಿಗೂ ಜೀವಾವಧಿ. ಕಮಿನಿಟೊ, ಬೊನಿನೊ ಅಪೀಲು ಹೋದರು, ಸೋತರು, ಆದರೂ ಬಿಡದೆ ಹತ್ತು ಹದಿನೈದು ವರ್ಷ ಕೋರ್ಟಿನ ಬಾಗಿಲು ತಟ್ಟಿದರು. ಕೊನೆಗೆ 1955 ಮತ್ತು 1956ರಲ್ಲಿ, ಈ ತಪ್ಪೊಪ್ಪಿಗೆಗಳನ್ನು ಬಲವಂತದಿಂದ ಪಡೆದದ್ದು ಅಂತ ಕೋರ್ಟುಗಳು ಒಪ್ಪಿ ಅವರ ಶಿಕ್ಷೆ ರದ್ದಾಯಿತು.

ನೋಯಾ ಅಪೀಲು ಹೋಗಿರಲಿಲ್ಲ. ಗಡುವು ಮುಗಿದುಹೋಗಿತ್ತು. ಯಾಕೆ ಹೋಗಲಿಲ್ಲ ಅಂದರೆ, ಒಂದು, ಮನೆಯವರ ಮೇಲೆ ಇನ್ನಷ್ಟು ಖರ್ಚು ಹೇರುವ ಮನಸ್ಸಿರಲಿಲ್ಲ. ಎರಡನೆಯದು ಭಯ. ಜ್ಯೂರಿ ಜೀವಾವಧಿಗೆ ಶಿಫಾರಸು ಮಾಡಿದ್ದರೂ ಅದನ್ನು ಬದಿಗಿಟ್ಟು ಮರಣದಂಡನೆ ಕೊಡುವ ಅಧಿಕಾರ ಜಡ್ಜ್‌ಗೆ ಇತ್ತು. ಶಿಕ್ಷೆ ಹೇಳುವಾಗ ಆ ಜಡ್ಜ್, ಶಿಫಾರಸನ್ನು ತಳ್ಳಿಹಾಕುವ ಬಗ್ಗೆ ಗಂಭೀರವಾಗಿ ಯೋಚಿಸಿದ್ದೆ ಅಂತಲೇ ಹೇಳಿದ್ದರು. ಆದರೆ ನಿನಗೊಬ್ಬ ಒಳ್ಳೆ ವಕೀಲರು ಸಿಕ್ಕಿದ್ದಾರೆ, ಅದು ನನ್ನ ಹೆಂಡತಿ, ಬೆಳಗ್ಗೆ ಅವಳೇ ನಿನಗೊಂದು ಅವಕಾಶ ಕೊಡು ಅಂದಳು, ಅನ್ನೋ ಅರ್ಥದ ಮಾತನ್ನೂ ಆಡಿದ್ದರು! ನಗಬೇಕೋ ನಡುಗಬೇಕೋ ಗೊತ್ತಾಗದ ಮಾತು. ಇದನ್ನು ಕಿವಿಯಾರೆ ಕೇಳಿದವನು ಅಪೀಲು ಗೆದ್ದು, ಮರುವಿಚಾರಣೆ ನಡೆದು, ಆಗ ಜಡ್ಜ್ ಮನೆಯವರ ಮಾತು ಬೇರೆ ಆದರೆ ಏನು ಗತಿ ಅಂತ ಯೋಚಿಸದೆ ಇರುತ್ತಾನಾ?

ಹೀಗೆ ಒಂದೇ ಪ್ರಕರಣ, ಒಂದೇ ಬಗೆಯ ತಪ್ಪೊಪ್ಪಿಗೆ, ಇಬ್ಬರು ಹೊರಗೆ, ಒಬ್ಬ ಒಳಗೆ. ನೋಯಾನ ತಪ್ಪೊಪ್ಪಿಗೆಯೂ ಬಲವಂತದ್ದೇ ಅಂತ ನ್ಯೂಯಾರ್ಕ್ ರಾಜ್ಯವೇ ಕೋರ್ಟಿನಲ್ಲಿ ಒಪ್ಪಿಕೊಂಡಿತ್ತು. ರಾಜ್ಯದ ವಾದ ಇದ್ದದ್ದು ಇಷ್ಟೇ: ಅವನು ಸಮಯಕ್ಕೆ ಅಪೀಲು ಹಾಕಲಿಲ್ಲ.

1963ರ ಮಾರ್ಚ್ 18ರಂದು ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ತೀರ್ಮಾನಿಸಿತು. ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅನ್ನುವ ಪ್ರಸಿದ್ಧ ಗಿಡಿಯನ್ ತೀರ್ಪು ಬಂದದ್ದೂ ಅದೇ ದಿನ. ಗಿಡಿಯನ್ ಹೆಸರು ಕಾನೂನು ಓದಿದ ಬಹಳಷ್ಟು ಜನಕ್ಕೆ ಗೊತ್ತು, ನೋಯಾ ಅದರ ನೆರಳಿನಲ್ಲಿ ಉಳಿದುಬಿಟ್ಟ. ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಬರೆದ ಬಹುಮತದ ತೀರ್ಪಿನ ಸಾರ ಹೀಗಿದೆ: ರಾಜ್ಯದ ಕೋರ್ಟಿನಲ್ಲಿ ಗಡುವು ತಪ್ಪಿದ ಮಾತ್ರಕ್ಕೆ ಫೆಡರಲ್ ಕೋರ್ಟಿನ ಬಾಗಿಲು ಮುಚ್ಚುವುದಿಲ್ಲ. ಕೈದಿ ತಿಳಿದೂ ತಿಳಿದೂ, ಲೆಕ್ಕಾಚಾರ ಹಾಕಿ, ರಾಜ್ಯದ ದಾರಿಯನ್ನು ಬೇಕಂತಲೇ ಬಿಟ್ಟಿದ್ದರೆ ಮಾತ್ರ ಅವನನ್ನು ಹೊರಗಿಡಬಹುದು. ಪ್ರಾಣಭಯದಿಂದ ಅಪೀಲು ಬಿಟ್ಟವನು ಹಾಗೆ ಬಿಟ್ಟವನಲ್ಲ. ಆ ಹೊತ್ತಿಗೆ ಶಿಕ್ಷೆಯಾಗಿ 20 ವರ್ಷ ದಾಟಿತ್ತು. ಮರುವಿಚಾರಣೆ ಮಾಡಿ, ಇಲ್ಲವೇ ಬಿಡಿ ಅನ್ನುವ ಆದೇಶ ಖಾಯಂ ಆಯಿತು.

ಈ ಧಾರಾಳತನ ಬಹಳ ವರ್ಷ ಬಾಳಲಿಲ್ಲ. ರಾಜ್ಯದ ಕೋರ್ಟುಗಳಿಗೆ ಬೆಲೆಯೇ ಇಲ್ಲವಾ, ಮುಗಿದ ಪ್ರಕರಣ ಎಂದಾದರೂ ಮುಗಿಯುತ್ತದಾ ಅನ್ನುವ ಆಕ್ಷೇಪ ಬಲವಾಯಿತು. 1977ರಿಂದ ಒಂದೊಂದೇ ತೀರ್ಪು ನೋಯಾನನ್ನು ಕೊರೆಯುತ್ತಾ ಬಂತು. ಆ ಹೊತ್ತಿಗೆ ಬಂದವನು ಕೋಲ್ಮನ್.

ವಾಪಸ್ ವರ್ಜೀನಿಯಾಕ್ಕೆ. ಹೇಬಿಯಸ್ ಅರ್ಜಿಯಲ್ಲಿ ಕೋಲ್ಮನ್ ಪರ ಇದ್ದವರು ಫೀಸಿಲ್ಲದೆ ವಕಾಲತ್ತು ವಹಿಸಿದ ವಕೀಲರು. ಒಳ್ಳೆಯ ಮನಸ್ಸಿನಿಂದಲೇ ಬಂದವರು. ನೋಟಿಸು ತಡವಾಯಿತು. ರಾಜ್ಯ ಸರ್ಕಾರ ಅಪೀಲನ್ನು ವಜಾ ಮಾಡಿ ಅಂತ ಕೇಳಿದ್ದು ಆ ಒಂದೇ ಕಾರಣಕ್ಕೆ. ವರ್ಜೀನಿಯಾ ಸುಪ್ರೀಂ ಕೋರ್ಟು ತಿಂಗಳುಗಟ್ಟಲೆ ಎರಡೂ ಕಡೆಯ ಕಾಗದಪತ್ರ ತೆಗೆದುಕೊಂಡು, 1987ರ ಮೇ 19ರಂದು ಒಂದು ಚಿಕ್ಕ ಆದೇಶದಲ್ಲಿ ಅಪೀಲನ್ನು ವಜಾ ಮಾಡಿತು.

ಆಮೇಲೆ ಫೆಡರಲ್ ಕೋರ್ಟು. ಅಲ್ಲಿ ಅವನು 11 ವಾದ ಮುಂದಿಟ್ಟ. ಅದರಲ್ಲಿ 7 ವಾದಗಳನ್ನು ಅವನು ಮೊದಲ ಸಲ ಎತ್ತಿದ್ದೇ ಆ ಹೇಬಿಯಸ್ ಅರ್ಜಿಯಲ್ಲಿ, ಅಂದರೆ ಯಾವುದರ ಅಪೀಲು ತಡವಾಯಿತೋ ಅದರಲ್ಲಿ. ಜಿಲ್ಲಾ ಮಟ್ಟದ ಫೆಡರಲ್ ನ್ಯಾಯಾಧೀಶರು ಈ 7 ವಾದ ಗಡುವಿನ ಕಾರಣಕ್ಕೆ ಬಿದ್ದುಹೋಗಿವೆ ಅಂದರು. ಆದರೂ ಒಂದು ಕೈ ನೋಡೋಣ ಅಂತ ಎಲ್ಲವನ್ನೂ ಪರಿಶೀಲಿಸಿ, ಎಲ್ಲವನ್ನೂ ತಿರಸ್ಕರಿಸಿದರು. ಇದನ್ನು ಹೇಳದೆ ಹೋದರೆ ಕಥೆ ಒಂದು ಕಡೆಗೆ ವಾಲುತ್ತದೆ, ಅದಕ್ಕೇ ಹೇಳಿದೆ. ಆದರೆ ಆ ತಿರಸ್ಕಾರ ಸರಿಯೋ ತಪ್ಪೋ ಅಂತ ಮೇಲಿನ ಕೋರ್ಟುಗಳು ನೋಡಲೇ ಇಲ್ಲ. ಅಲ್ಲಿ ಚರ್ಚೆ ಆದದ್ದು ಕ್ಯಾಲೆಂಡರಿನ ಬಗ್ಗೆ ಮಾತ್ರ.

1991ರ ಜೂನ್ 24. ಸುಪ್ರೀಂ ಕೋರ್ಟಿನ ತೀರ್ಪು, 6 ಕ್ಕೆ 3. ಬರೆದವರು ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್. ಇದು ಒಕ್ಕೂಟ ವ್ಯವಸ್ಥೆಗೆ ಸಂಬಂಧಿಸಿದ ಪ್ರಕರಣ ಅನ್ನುವುದು ತೀರ್ಪಿನ ಮೊದಲ ಮಾತು. ಭಿನ್ನಮತ ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಹಿಡಿದದ್ದು ಇದನ್ನೇ. ಸಾವಿನ ಮುಂದೆ ನಿಂತ ಮನುಷ್ಯನಿಗೆ ತನ್ನ ಅಹವಾಲು ಹೇಳಿಕೊಳ್ಳಲು ಒಂದು ಜಾಗ ಬೇಕಲ್ಲ, ಆ ಹಕ್ಕಿನ ಮಾತು ಬಹುಮತದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ ಅಂತ ಅವರ ಸಿಟ್ಟು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಬೇರೆ ಬೇರೆ ಪ್ರಕರಣಗಳ ತೀರ್ಪು ಓದುತ್ತಿದ್ದೇನಾ ಅಂತ ನನಗೆ ಅನ್ನಿಸುತ್ತದೆ.

ಕೋಲ್ಮನ್ ಕಡೆಯ ವಾದ ಸರಳ: ತಡ ಮಾಡಿದ್ದು ನಾನಲ್ಲ, ವಕೀಲರು. ನಾನು ಮರಣದಂಡನೆಯ ಕೋಣೆಯಲ್ಲಿದ್ದೆ. ಕೋರ್ಟಿನ ಉತ್ತರ: ವಕೀಲರು ನಿನ್ನ ಏಜೆಂಟ್. ಏಜೆಂಟ್ ಮಾಡಿದ್ದು ನೀನೇ ಮಾಡಿದ ಹಾಗೆ. ವ್ಯಾಪಾರದ ಕಾನೂನಿನಲ್ಲಿ ಇರುವ ತತ್ವ ಇದು. ಹಾಗಾದರೆ ವಕೀಲರು ಎಷ್ಟು ಕೆಟ್ಟದಾಗಿ ಕೆಲಸ ಮಾಡಿದರೂ ಹೀಗೇನಾ? ಇಲ್ಲ, ವಿಚಾರಣೆಯಲ್ಲಿ ಮತ್ತು ಮೊದಲ ಅಪೀಲಿನಲ್ಲಿ ವಕೀಲರು ಸಿಗುವುದು ಸಂವಿಧಾನದ ಹಕ್ಕು, ಅಲ್ಲಿ ವಕೀಲರು ಪೂರ್ತಿ ಕೈಕೊಟ್ಟರೆ ಹೊಣೆ ರಾಜ್ಯದ್ದು. ಆದರೆ ಅದಾದ ಮೇಲಿನ ಹೇಬಿಯಸ್ ಹಂತದಲ್ಲಿ ವಕೀಲರನ್ನು ಹೊಂದುವ ಹಕ್ಕೇ ಇಲ್ಲ. ಹಕ್ಕೇ ಇಲ್ಲದ ಮೇಲೆ, ಇದ್ದ ವಕೀಲರು ತಪ್ಪು ಮಾಡಿದರೆ ಅದು ಕೈದಿಯ ಪಾಲು. ನನ್ನ ಮಟ್ಟಿಗೆ ಇಡೀ ತೀರ್ಪಿನ ಅತ್ಯಂತ ಕಠಿಣ ಭಾಗ ಇದು. ತರ್ಕದಲ್ಲಿ ಬಿರುಕಿಲ್ಲ, ಅದೇ ತೊಂದರೆ. ಇದರ ಜೊತೆಗೆ 1963ರ ನೋಯಾ ನಿಯಮವನ್ನೂ ಕೋರ್ಟು ಹೆಸರಿಟ್ಟೇ ರದ್ದು ಮಾಡಿತು.

ಹಾಗಂತ ಗಡುವೇ ಇರಬಾರದು ಅಂತ ಯಾರೂ ಹೇಳುವುದಿಲ್ಲ. ಸಾಕ್ಷಿಗಳಿಗೆ ಮರೆವು ಬರುತ್ತದೆ, ಕಾಗದ ಕಳೆದುಹೋಗುತ್ತದೆ, ಸತ್ತವರ ಮನೆಯವರಿಗೂ ಒಂದು ಕೊನೆ ಬೇಕು. ಕ್ರಿಮಿನಲ್ ಅಪೀಲಿನ ಹಕ್ಕು ಹುಟ್ಟಿದಾಗಲೇ ಗಡುವೂ ಹುಟ್ಟಿದೆ. ಇಂಗ್ಲೆಂಡಿನ 1907ರ ಕ್ರಿಮಿನಲ್ ಅಪೀಲ್ ಕಾಯ್ದೆ ಶಿಕ್ಷೆಯಾದವನಿಗೆ 10 ದಿನ ಕೊಟ್ಟಿತು. ತಡವಾದರೆ ಕೋರ್ಟು ಆ ಅವಧಿಯನ್ನು ಹಿಗ್ಗಿಸಬಹುದಿತ್ತು. ಒಂದೇ ಒಂದು ಬಗೆಯ ಪ್ರಕರಣ ಬಿಟ್ಟು. ಯಾವುದು ಹೇಳಿ? ಮರಣದಂಡನೆ! ಸಣ್ಣ ಕಳ್ಳತನದವನಿಗೆ ತಡವಾದರೂ ಕ್ಷಮೆ ಇತ್ತು, ನೇಣಿಗೆ ಹೋಗುವವನಿಗೆ ಇರಲಿಲ್ಲ. ಅಪೀಲಿನ ಅವಧಿ ಮುಗಿಯುವ ತನಕ ನೇಣು ಹಾಕುವಂತಿಲ್ಲ ಅನ್ನೋ ನಿಯಮವೂ ಜೊತೆಗಿತ್ತು. ಅವಧಿ ಎಳೆದರೆ ನೇಣೂ ಎಳೆಯುತ್ತಿತ್ತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಸ್ವಲ್ಪ ಮೆತ್ತಗೆ. 1963ರ ಲಿಮಿಟೇಶನ್ ಕಾಯ್ದೆಯಲ್ಲೂ ಗಡುವುಗಳಿವೆ: ಸೆಷನ್ಸ್ ಕೋರ್ಟು ಮರಣದಂಡನೆ ಕೊಟ್ಟರೆ ಅಪೀಲಿಗೆ 30 ದಿನ, ಬೇರೆ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ 60 ದಿನ. ಆದರೆ ಅದೇ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಸಾಕಷ್ಟು ಕಾರಣ ತೋರಿಸಿದರೆ ಕೋರ್ಟು ವಿಳಂಬವನ್ನು ಮನ್ನಾ ಮಾಡಬಹುದು. ವಕೀಲರ ಕಚೇರಿಗಳಲ್ಲಿ ದಿನಬೆಳಗಾದರೆ ಟೈಪ್ ಆಗುವ ಅರ್ಜಿ ಅದು. ಜೈಲಿನಲ್ಲಿರುವವನು ಅಪೀಲನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಅವರು ಅದನ್ನು ಕೋರ್ಟಿಗೆ ಕಳಿಸಬೇಕು ಅನ್ನೋ ನಿಯಮ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. ಅಮೆರಿಕದಲ್ಲಿ, ಜೈಲಿನವರ ಕೈಗಿತ್ತ ದಿನವನ್ನೇ ಸಲ್ಲಿಕೆಯ ದಿನ ಅಂತ ಹಿಡಿಯಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು 1988ರಲ್ಲಿ, ಅದೂ 5 ಕ್ಕೆ 4 ಮತಗಳಿಂದ. ಆ ಕೈದಿ 27ನೇ ದಿನವೇ ಕಾಗದ ಕೊಟ್ಟಿದ್ದ, ಕೋರ್ಟಿನ ಮುದ್ರೆ ಬಿದ್ದದ್ದು 31ನೇ ದಿನ. ಇನ್ನು ವಕೀಲರ ತಪ್ಪಿಗೆ ಕಕ್ಷಿದಾರ ಯಾಕೆ ನರಳಬೇಕು ಅಂತ ನಮ್ಮ ಸುಪ್ರೀಂ ಕೋರ್ಟು 1981ರ ರಫೀಕ್ ಪ್ರಕರಣದಲ್ಲಿ ಕೇಳಿತ್ತು. ಅದು ಸಿವಿಲ್ ವ್ಯಾಜ್ಯ. ಆದರೂ ಅದರ ಪಕ್ಕದಲ್ಲಿ ಕೋಲ್ಮನ್ ತೀರ್ಪನ್ನು ಇಟ್ಟರೆ ಎರಡೂ ಬೆನ್ನು ತಿರುಗಿಸಿ ನಿಂತಂತಿವೆ.

ಕೋಲ್ಮನ್ ವಿಷಯ ಅಲ್ಲಿಗೆ ನಿಲ್ಲಲಿಲ್ಲ. ಜೇಮ್ಸ್ ಮೆಕ್‌ಕ್ಲೋಸ್ಕಿ ಅನ್ನುವವರು, ನಿರಪರಾಧಿ ಕೈದಿಗಳ ಪರ ಕೆಲಸ ಮಾಡುವ ಸಂಸ್ಥೆ ಕಟ್ಟಿದವರು, ವರ್ಷಗಟ್ಟಲೆ ಅವನ ಬೆನ್ನಿಗೆ ನಿಂತರು. 1990ರಲ್ಲಿ ಆಗಿನ ಕಾಲದ ಡಿಎನ್‌ಎ ಪರೀಕ್ಷೆ ನಡೆದಿತ್ತು. ಅದು ಅವನಿಗೆ ಅನುಕೂಲವಾಗಿರಲಿಲ್ಲ: ಜನಸಂಖ್ಯೆಯ ಸುಮಾರು ಶೇ. 2ರಷ್ಟು ಜನರ ಗುಂಪಿಗೆ ಅನುಮಾನವನ್ನು ಇಳಿಸಿತು, ಅವನು ಆ ಗುಂಪಿನಲ್ಲಿದ್ದ. ಆದರೂ ಅನುಮಾನ ಪೂರ್ತಿ ತೀರಿರಲಿಲ್ಲ. 1992ರ ಮೇ ತಿಂಗಳಲ್ಲಿ ಟೈಮ್ ಪತ್ರಿಕೆ ಅವನ ಮುಖವನ್ನು ಮುಖಪುಟದಲ್ಲಿ ಹಾಕಿ, ಸಾಯಲಿರುವ ಈತ ನಿರಪರಾಧಿ ಇರಬಹುದು ಅಂತ ಬರೆಯಿತು. ಗವರ್ನರ್ ಡಗ್ಲಸ್ ವೈಲ್ಡರ್ ಸುಳ್ಳು ಪತ್ತೆ ಪರೀಕ್ಷೆಗೆ ಅವಕಾಶ ಕೊಟ್ಟರು, ಅದೂ ಗಲ್ಲಿನ ದಿನವೇ. ಕೋಲ್ಮನ್ ಅದರಲ್ಲಿ ಪಾಸಾಗಲಿಲ್ಲ. ಮೇ 20ರ ರಾತ್ರಿ ವಿದ್ಯುತ್ ಕುರ್ಚಿಯಲ್ಲಿ ಅವನನ್ನು ಕೊಲ್ಲಲಾಯಿತು. ನಿರಪರಾಧಿಯನ್ನು ಕೊಲ್ಲುತ್ತಿದ್ದೀರಿ ಅಂತ ಹೇಳಿಯೇ ಸತ್ತ.

2006ರ ಜನವರಿ 12. ಗವರ್ನರ್ ಮಾರ್ಕ್ ವಾರ್ನರ್ ಆದೇಶದ ಮೇಲೆ, ಕ್ಯಾಲಿಫೋರ್ನಿಯಾದ ಲ್ಯಾಬಿನಲ್ಲಿ ಉಳಿದಿದ್ದ ಮಾದರಿಯನ್ನು ಕೆನಡಾದ ಟೊರಾಂಟೊದಲ್ಲಿ ಹೊಸ ವಿಧಾನದಿಂದ ಪರೀಕ್ಷಿಸಿದ ಫಲಿತಾಂಶ ಹೊರಬಂತು. ಡಿಎನ್‌ಎ ಕೋಲ್ಮನ್‌ನದ್ದೇ. ಬೇರೆಯವರದ್ದಾಗಿರುವ ಸಾಧ್ಯತೆ 1.9 ಕೋಟಿಯಲ್ಲಿ ಒಂದು. ಮೆಕ್‌ಕ್ಲೋಸ್ಕಿ ಆ ದಿನವೇ ಫಲಿತಾಂಶವನ್ನು ಸಾರ್ವಜನಿಕವಾಗಿ ಒಪ್ಪಿಕೊಂಡರು. ಸುಲಭದ ಮಾತಲ್ಲ ಅದು.

ಕೇಳುಗರಲ್ಲಿ ಕೆಲವರು ಈಗ 'ಸರಿಯಾಗೇ ಆಯ್ತಲ್ಲ, ಇಷ್ಟೆಲ್ಲ ಯಾಕೆ ಹೇಳಿದ್ರಿ' ಅನ್ನಬಹುದು. ನಾನು ಈ ಪ್ರಕರಣವನ್ನೇ ಆರಿಸಿಕೊಂಡದ್ದು ಆ ಕಾರಣಕ್ಕೇ. ನಿರಪರಾಧಿಯ ಕಥೆ ಹೇಳಿದ್ದರೆ ನೀವು ನಾನು ಇಬ್ಬರೂ ಒಟ್ಟಿಗೆ ಅಯ್ಯೋ ಅಂದು ಸುಮ್ಮನಾಗುತ್ತಿದ್ದೆವು. ಆದರೆ 1991ರಲ್ಲಿ ಆ 6 ಜನ ನ್ಯಾಯಮೂರ್ತಿಗಳು ಅವನನ್ನು ಹೊರಗೆ ನಿಲ್ಲಿಸಿದ್ದು ಅವನು ಅಪರಾಧಿ ಅಂತ ಗೊತ್ತಿದ್ದರಿಂದ ಅಲ್ಲ. ಅದು ಅವರ ಮುಂದಿದ್ದ ಪ್ರಶ್ನೆಯೇ ಆಗಿರಲಿಲ್ಲ. ಟೊರಾಂಟೊದಿಂದ ಬೇರೆ ಉತ್ತರ ಬಂದಿದ್ದರೂ ತೀರ್ಪಿನಲ್ಲಿ ಒಂದು ಅಕ್ಷರ ಬದಲಾಗಬೇಕಾಗಿರಲಿಲ್ಲ. ನೆನಪಿಡಿ, ರದ್ದಾದ ನಿಯಮ ನೋಯಾನದ್ದು. ಅವನ ತಪ್ಪೊಪ್ಪಿಗೆ ಬಲವಂತದ್ದು ಅಂತ ಸರ್ಕಾರವೇ ಒಪ್ಪಿತ್ತು. ಹೊಸ ನಿಯಮದ ಕೆಳಗೆ ಬಂದಿದ್ದರೆ ಅವನು ಒಳಗೇ ಉಳಿಯುವ ಸಾಧ್ಯತೆಯೇ ಹೆಚ್ಚಿತ್ತು.

1996ರ ಏಪ್ರಿಲ್‌ನಲ್ಲಿ, ಒಕ್ಲಹೋಮ ಸಿಟಿ ಬಾಂಬ್ ಸ್ಫೋಟದ ಮರುವರ್ಷ, ಇನ್ನೂ ಒಂದು ಗಡುವು ಬಂತು. ಫೆಡರಲ್ ಹೇಬಿಯಸ್ ಅರ್ಜಿಗೆ ಒಂದು ವರ್ಷ. ರಾಜ್ಯದ ಕೋರ್ಟಿನಲ್ಲಿ ಅರ್ಜಿ ನಡೆಯುವಾಗ ಗಡಿಯಾರ ನಿಲ್ಲುತ್ತದೆ, ಅದು ಮುಗಿದ ಕೂಡಲೇ ಮತ್ತೆ ಓಡುತ್ತದೆ. ಇಂಥ ಲೆಕ್ಕಗಳಲ್ಲಿ ನ್ಯಾಯಾಧೀಶರೇ ಎಡವಿದ ಉದಾಹರಣೆ ಇದೆ. ಓಹಾಯೋದ ಕೈದಿ ಬೌಲ್ಸ್ ಪ್ರಕರಣದಲ್ಲಿ ಕಾನೂನು ಅಪೀಲಿಗೆ 14 ದಿನ ಕೊಡಬಹುದು ಅಂದಿತ್ತು, ಜಡ್ಜ್ 17 ದಿನ ಕೊಟ್ಟರು. ಅವನ ವಕೀಲರು ಜಡ್ಜ್ ಹೇಳಿದ ತಾರೀಖಿಗೆ ಒಂದು ದಿನ ಮೊದಲೇ ಸಲ್ಲಿಸಿದರು. 2007ರಲ್ಲಿ ಸುಪ್ರೀಂ ಕೋರ್ಟು 5 ಕ್ಕೆ 4ರಂತೆ, ತಡವಾಯಿತು, ಅಪೀಲು ಇಲ್ಲ ಅಂದಿತು. ಜಡ್ಜ್ ಮಾತು ನಂಬಿದ್ದೇ ತಪ್ಪು ಅಂದ ಹಾಗೆ!

ಕೊನೆಯದಾಗಿ ಫ್ಲೋರಿಡಾದ ಆಲ್ಬರ್ಟ್ ಹಾಲಂಡ್. ಇವನಿಗೂ ಮರಣದಂಡನೆ. ರಾಜ್ಯವೇ ನೇಮಿಸಿದ ವಕೀಲರಿಗೆ ಪತ್ರದ ಮೇಲೆ ಪತ್ರ ಬರೆದ: ಗಡುವು ತಪ್ಪಿಸಬೇಡಿ, ತೀರ್ಪು ಬಂದರೆ ತಿಳಿಸಿ. ಉತ್ತರ ಬರುತ್ತಿರಲಿಲ್ಲ. ಈ ವಕೀಲರನ್ನು ಬದಲಾಯಿಸಿ ಅಂತ ಕೋರ್ಟಿಗೇ ಕೇಳಿದ. ವಕೀಲರು ಇರುವಾಗ ನೀನೇ ಅರ್ಜಿ ಹಾಕುವಂತಿಲ್ಲ ಅಂತ ಅದನ್ನು ತಳ್ಳಿಹಾಕಿದರು. 2005ರ ಕೊನೆಗೆ ರಾಜ್ಯದ ಕೋರ್ಟಿನಲ್ಲಿ ಪ್ರಕರಣ ಮುಗಿದಾಗ ಅವನ ಒಂದು ವರ್ಷದಲ್ಲಿ ಉಳಿದಿದ್ದದ್ದು 12 ದಿನ. ಯಾರೂ ಹೇಳಲಿಲ್ಲ. ಕೋಲ್ಮನ್ ಡಿಎನ್‌ಎ ಸುದ್ದಿ ಬಂದ ಆರನೇ ದಿನ, 2006ರ ಜನವರಿ 18ರಂದು, ಜೈಲಿನ ಗ್ರಂಥಾಲಯದಲ್ಲಿ ಅವನಿಗೆ ವಿಷಯ ಗೊತ್ತಾಯಿತು. ಅವತ್ತೇ ಕೈಯಲ್ಲಿ ಅರ್ಜಿ ಬರೆದ, ಮರುದಿನ ಅಂಚೆಗೆ ಹಾಕಿದ. ಆ ಹೊತ್ತಿಗೆ ಐದು ವಾರ ತಡವಾಗಿತ್ತು.

2010ರಲ್ಲಿ ಸುಪ್ರೀಂ ಕೋರ್ಟು 7 ಕ್ಕೆ 2ರಂತೆ, ಇಂಥ ಅಸಾಧಾರಣ ಸಂದರ್ಭದಲ್ಲಿ ಈ ಒಂದು ವರ್ಷದ ಗಡುವನ್ನು ಸಡಿಲಿಸಬಹುದು ಅಂತ ಹೇಳಿ ಪ್ರಕರಣವನ್ನು ಕೆಳಗೆ ಕಳಿಸಿತು. ತೀರ್ಪಿನಲ್ಲಿ ಆ ಪತ್ರಗಳು ದಾಖಲಾಗಿವೆ. ಗಡುವು ತಪ್ಪಿದ ಮೇಲೆ ವಕೀಲರು ಕೊನೆಗೂ ಒಂದು ಪತ್ರ ಬರೆದು, ನಿನ್ನ ಗಡುವು ನಾನು ಬರುವ ಮೊದಲೇ ಮುಗಿದುಹೋಗಿತ್ತು ಅಂದಿದ್ದರು. ಹಾಲಂಡ್ ಕೂಡಲೇ ಉತ್ತರ ಬರೆದು, ಯಾವ ಅವಧಿ ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ತಿಳಿಸಿದ. ಕೈದಿಯ ಲೆಕ್ಕ ಸರಿ ಇತ್ತು, ವಕೀಲರದ್ದು ತಪ್ಪಿತ್ತು ಅಂತ ಕೋರ್ಟು ಬರೆದಿದೆ.